ಕಾಣದ ಗಾರೆ



ಪುತ್ತೂರಿನ ಸಮೀಪದಲ್ಲಿ ಇರ್ದೆ ಎಂಬ ಹಳ್ಳಿಯಿದೆ. ಅಲ್ಲಿ ನೆಲದೊಳಗಿಂದ ಬೆಚ್ಚನೆಯ ನೀರು ಬರುವ ಒಂದು ಕೊಳ. ಬೆಂದ್ರ್ ತೀರ್ಥವೆಂದು ಅದರ ಹೆಸರು. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರೇ. ಬಾಲ್ಯದಲ್ಲಿ ಒಮ್ಮೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ನೀರಿಗೆ ಕೈಯಿಟ್ಟು, ಕೆಳಗೆ ಯಾರು ಒಲೆ ಹಚ್ಚಿದ್ದಾರೆಂದು ನಾನು ಕೇಳಿದೆನಂತೆ. ಹಿರಿಯರು ನಕ್ಕರಂತೆ. ಆ ಪ್ರಶ್ನೆ ಬರಿಯ ಹುಡುಗಾಟದ್ದಲ್ಲವೆಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ಮುಂದೆ ನನ್ನ ಹೊಟ್ಟೆಪಾಡು ಆ ಒಲೆಯ ಬಳಿಯಲ್ಲೇ ನಡೆಯಿತು. ಭೂಮಿಯ ಶಾಖವನ್ನು ಮೇಲಕ್ಕೆ ತರುವ ಬಾವಿಗಳಿಗೆ ಸಿಮೆಂಟು ಹಿಡಿಸುವುದು ನನ್ನ ವೃತ್ತಿಯಾಗಿತ್ತು. ಇಂದಿನ ಮಾತು ಆ ಕೆಲಸವನ್ನು ಕುರಿತದ್ದು. ಅದರಲ್ಲಿ ನಾನು ಮಾಡಿದ ಒಂದು ತಪ್ಪನ್ನು ಕುರಿತದ್ದೂ ಹೌದು.

ಭೂಗರ್ಭದ ಉಷ್ಣಕ್ಕೆ ಮೂಲಗಳು ಎರಡು. ಭೂಮಿ ಹುಟ್ಟಿದಾಗಿನ ಕಾವು ಇನ್ನೂ ಪೂರ್ತಿಯಾಗಿ ಆರಿಲ್ಲ. ಅದರ ಜೊತೆಗೆ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣದಿಂದ ಬಂಡೆಗಳು ಒಳಗೊಳಗೇ ಬಿಸಿಯಾಗುತ್ತಲೇ ಇವೆ. ಸಾಧಾರಣವಾಗಿ ಒಂದು ಕಿಲೋಮೀಟರು ಕೆಳಗಿಳಿದರೆ 25ರಿಂದ 30 ಡಿಗ್ರಿಯಷ್ಟು ಶಾಖ ಹೆಚ್ಚುತ್ತದೆ. ನಮ್ಮ ಕನ್ನಡನಾಡಿನ ನೆಲ ಬಹು ಪ್ರಾಚೀನವಾದದ್ದು, ತಣಿದದ್ದು. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳಲ್ಲಿ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಲ್ಲಿ ಬಂಡೆಯ ಉಷ್ಣತೆ ಸುಮಾರು 65 ಡಿಗ್ರಿ. ಕೆಳಗೆ ದುಡಿದವರಿಗೆ ಅದೇ ನರಕ. ಮೇಲಿನಿಂದ ತಂಪು ಗಾಳಿಯನ್ನು ಇಳಿಸಬೇಕಾಗಿತ್ತು. ಆದರೆ ವಿದ್ಯುತ್ತು ಮಾಡುವವನಿಗೆ ಅದು ಉಗುರುಬೆಚ್ಚಗಿನ ನೀರು. ಭೂಮಿಯ ತೊಗಟೆ ಬಿರಿದಿರುವ ಕಡೆ, ಜ್ವಾಲಾಮುಖಿಗಳು ಇರುವ ಕಡೆ ಕಥೆ ಬೇರೆ. ಐಸ್‌ಲೆಂಡಿನಲ್ಲಿ ಎರಡು ಕಿಲೋಮೀಟರು ಇಳಿಯುವಷ್ಟರಲ್ಲಿ 300 ಡಿಗ್ರಿಯನ್ನು ಮುಟ್ಟುವ ತಾಣಗಳುಂಟು.

ಈ ಶಾಖವನ್ನು ದುಡಿಸಿಕೊಳ್ಳುವ ಕೆಲಸ ಇಟಲಿಯ ಟಸ್ಕನಿ ಪ್ರಾಂತದ ಲಾರ್ಡರೆಲ್ಲೊದಲ್ಲಿ ಆರಂಭವಾಯಿತು. 1904ರಲ್ಲಿ ಪಿಯೆರೊ ಜಿನೋರಿ ಕೊಂಟಿ ಎಂಬಾತ, ನೆಲದಿಂದ ಬರುವ ಹಬೆಯಿಂದ ಯಂತ್ರ ತಿರುಗಿಸಿ ಐದು ವಿದ್ಯುದ್ದೀಪಗಳನ್ನು ಬೆಳಗಿಸಿದ. 1913ರಲ್ಲಿ ಅಲ್ಲಿ 250 ಕಿಲೋವಾಟಿನ ವಿದ್ಯುದಾಗಾರ ನಡೆಯತೊಡಗಿತು. ನ್ಯೂಜಿಲೆಂಡಿನ ವೈರಾಕೆಯಲ್ಲಿ 1958ರಲ್ಲಿ, ಕ್ಯಾಲಿಫೋರ್ನಿಯದ ಗೀಸರ್ಸ್ ಎಂಬಲ್ಲಿ 1960ರಲ್ಲಿ ಇಂಥ ವಿದ್ಯುದಾಗಾರಗಳು ಆರಂಭವಾದವು. ಮಳೆ ಬಾರದಿದ್ದರೂ, ಮೋಡ ಮುಸುಕಿದರೂ, ಗಾಳಿ ನಿಂತರೂ ಈ ಒಲೆ ಆರುವುದಿಲ್ಲ. ಕರೆಂಟು ಕೈಕೊಟ್ಟ ರಾತ್ರಿಗಳನ್ನು ಕಂಡಿರುವ ನಮಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಂತ್ರವನ್ನೂ ವಿದ್ಯುತ್ತನ್ನೂ ಎಲ್ಲರೂ ವರ್ಣಿಸುತ್ತಾರೆ. ನೆಲದ ಮೇಲಿನ ಯಂತ್ರಕ್ಕೂ ಕೆಳಗಿನ ಶಾಖಕ್ಕೂ ನಡುವೆ ಇರುವ ಬಾವಿಯನ್ನು ಕುರಿತು ಮಾತನಾಡುವವರು ಕಡಿಮೆ. ಭೂಮಿಗೆ ರಂಧ್ರ ಕೊರೆದ ಮಾತ್ರಕ್ಕೆ ಬಾವಿಯಾಗುವುದಿಲ್ಲ. ಇದನ್ನು ನಾನು ಮೊದಲು ಕಲಿತದ್ದು ಯಾವ ಕಾಲೇಜಿನಲ್ಲೂ ಅಲ್ಲ, ನನ್ನ ಅಜ್ಜನ ತೋಟದಲ್ಲಿ. ಅಲ್ಲಿ ತೆರೆದ ಬಾವಿಯೊಂದನ್ನು ತೋಡಿಸಿ ಸುತ್ತ ಕಲ್ಲು ಕಟ್ಟಿಸುತ್ತಿದ್ದರು. ಕಲ್ಲುಕೆಲಸದ ಮುದುಕ ಒಂದೊಂದು ಸುತ್ತು ಕಲ್ಲನ್ನು ಕೂರಿಸಿದ ಮೇಲೂ ಅದರ ಹಿಂದಿನ ಸಂದಿಗೆ ಜಲ್ಲಿ ತುಂಬಿ, ಹಾರೆಯ ಹಿಡಿಯಿಂದ ಜಡಿದು ಜಡಿದು ಹೊತ್ತು ಕಳೆಯುತ್ತಿದ್ದ. ಕಾಣದ ಜಾಗಕ್ಕೆ ಇಷ್ಟು ಹೊತ್ತು ಯಾಕಯ್ಯಾ ಎಂದು ಅಜ್ಜ ಗೊಣಗಿದರು. “ಮುಂದಿನ ಕಲ್ಲು ನೋಡೋರಿಗೆ ಬುದ್ಧೀ, ಹಿಂದಿನ ಜಲ್ಲಿ ಬಾವಿಗೆ” ಎಂದು ಅವನು ತಲೆಯೆತ್ತದೆ ಹೇಳಿದ. ಆ ಬಾವಿಯ ಒಂದು ಕಲ್ಲೂ ಇಂದಿನವರೆಗೆ ಜರಿದಿಲ್ಲ.

ಶಾಖದ ಬಾವಿಯ ರಚನೆಯೂ ತತ್ತ್ವದಲ್ಲಿ ಹೀಗೆಯೇ. ಮೊದಲು ಅಗಲವಾದ ರಂಧ್ರವನ್ನು ಸ್ವಲ್ಪ ಆಳಕ್ಕೆ ಕೊರೆದು ಅದರೊಳಗೆ ಉಕ್ಕಿನ ಕೊಳವೆಯನ್ನು ಇಳಿಸುತ್ತಾರೆ. ನಮ್ಮ ಬೋರ್‌ವೆಲ್ಲಿನವರು ಕೇಸಿಂಗ್ ಎನ್ನುವುದು ಇದನ್ನೇ. ಕೊಳವೆಗೂ ಬಂಡೆಗೂ ನಡುವೆ ಉಳಿಯುವ ಉಂಗುರದಂಥ ಸಂದಿಗೆ ಸಿಮೆಂಟು ತುಂಬುತ್ತಾರೆ. ಅದು ಗಟ್ಟಿಯಾದ ಮೇಲೆ ಅದರೊಳಗಿಂದ ಇನ್ನೂ ಕಿರಿದಾದ ರಂಧ್ರ ಕೊರೆದು ಮತ್ತೊಂದು ಕೊಳವೆ, ಮತ್ತೆ ಸಿಮೆಂಟು. ಹೀಗೆ ಮೂರು ನಾಲ್ಕು ಸಲ, ದುರ್ಬೀನಿನ ಕೊಳವೆಗಳಂತೆ ಒಂದರೊಳಗೊಂದು. ಕಟ್ಟಕಡೆಯಲ್ಲಿ, ಹಬೆ ಇರುವ ಬಿರುಕು ಬಂಡೆಯಲ್ಲಿ ಮಾತ್ರ ಸಿಮೆಂಟು ಇಲ್ಲ. ಅಲ್ಲಿ ಸೀಳುಗಂಡಿಗಳಿರುವ ಕೊಳವೆಯನ್ನು ತೂಗುಬಿಡುತ್ತಾರೆ. ಆ ಗಂಡಿಗಳ ಮೂಲಕ ಹಬೆ ಒಳಸೇರಿ ಮೇಲೇರುತ್ತದೆ. ಬಾಯಿಗೆ ದೊಡ್ಡ ಕವಾಟವನ್ನು ಕೂರಿಸಿದಲ್ಲಿಗೆ ಬಾವಿ ಸಿದ್ಧವಾಯಿತು.

ಸಿಮೆಂಟು ಸಂದಿಗೆ ಹೋಗುವ ಬಗೆ ವಿಚಿತ್ರವಾದದ್ದು. ಅದನ್ನು ಮೇಲಿನಿಂದ ಸಂದಿಗೆ ಸುರಿಯುವುದಿಲ್ಲ. ನಮ್ಮ ಗಾರೆಯವರು ಸಿಮೆಂಟು ಹಾಲು ಎನ್ನುತ್ತಾರಲ್ಲ, ಅದಕ್ಕಿಂತ ಮಂದವಾದ, ನೀರಿನ ಸುಮಾರು ಎರಡರಷ್ಟು ಭಾರದ ದ್ರವವನ್ನು ಪಂಪಿನಿಂದ ಕೊಳವೆಯ ಒಳಗೇ ಕೆಳಕ್ಕೆ ದೂಡುತ್ತಾರೆ. ಅದು ತಳದಲ್ಲಿ ಹೊರಬಂದು, ಹೊರಗಿನ ಸಂದಿಯಲ್ಲಿದ್ದ ನೀರನ್ನೂ ಕೆಸರನ್ನೂ ಮುಂದಕ್ಕೆ ತಳ್ಳುತ್ತ ಮೇಲೇರಿ ಬಾವಿಯ ಬಾಯಿಯಲ್ಲಿ ಕಾಣಿಸಿಕೊಳ್ಳಬೇಕು. ಎಲ್ಲವೂ ಕೆಲವೇ ಗಂಟೆಗಳ ಆಟ. ಕೆಳಗಿನ ಬಿಸಿಗೆ ಸಿಮೆಂಟು ದಾರಿಯಲ್ಲೇ ಗಟ್ಟಿಯಾದರೆ ಬಾವಿಯೇ ಹೋಯಿತು. ಆದ್ದರಿಂದ ಮೊದಲು ತಣ್ಣೀರು ಹರಿಸಿ ಬಂಡೆಯನ್ನು ತಣಿಸುತ್ತಾರೆ, ಸಿಮೆಂಟಿಗೆ ಅದರ ಹಿಡಿತವನ್ನು ತಡಮಾಡುವ ಮದ್ದು ಬೆರೆಸುತ್ತಾರೆ. ತಪ್ಪಿದರೆ ಬಿಚ್ಚಿ ಮತ್ತೆ ಕಟ್ಟುವಂತಿಲ್ಲ.

ಎಣ್ಣೆಯ ಬಾವಿಯಲ್ಲಿ ಕೊಳವೆಯ ಕೆಳಭಾಗಕ್ಕೆ ಸಿಮೆಂಟು ಹಿಡಿಸಿದರೆ ಅನೇಕ ವೇಳೆ ಸಾಕು. ನಾನು ಮೊದಲು ದುಡಿದದ್ದು ಅಂಥ ಬಾವಿಗಳಲ್ಲೇ. ಶಾಖದ ಬಾವಿಗೆ ಬಂದಾಗ ತಳದಿಂದ ಬಾಯಿಯವರೆಗೆ ಒಂದು ಅಂಗುಲವೂ ಬಿಡದೆ ತುಂಬಬೇಕೆಂದು ಹೇಳಿದರು. ಮೊದಲಿಗೆ ಇದು ದುಂದುವೆಚ್ಚವೆಂದುಕೊಂಡೆ. ಒಂದು ಲೆಕ್ಕ ಹಾಕಿದ ಮೇಲೆ ಬಾಯಿ ಮುಚ್ಚಿತು. ತಣ್ಣಗಿರುವ ಒಂದು ಸಾವಿರ ಮೀಟರು ಉಕ್ಕಿನ ಕೊಳವೆ 250 ಡಿಗ್ರಿಯಷ್ಟು ಕಾದರೆ, ಅದನ್ನು ಸ್ವತಂತ್ರವಾಗಿ ಬಿಟ್ಟಲ್ಲಿ, ಮೂರು ಮೀಟರು ಉದ್ದವಾಗುತ್ತದೆ. ಬಾವಿಯ ಬಾಯಿಯಲ್ಲಿರುವ ಕವಾಟವನ್ನು ಆಳೆತ್ತರಕ್ಕೂ ಮೇಲೆ ಎತ್ತಿ ನಿಲ್ಲಿಸಬಲ್ಲ ಹಿಗ್ಗು ಅದು. ಸಿಮೆಂಟು ಅದನ್ನು ಉದ್ದಕ್ಕೂ ಅಪ್ಪಿ ಹಿಡಿದು ಹಿಗ್ಗಲು ಬಿಡುವುದಿಲ್ಲ. ಹಿಗ್ಗಲಾರದ ಉಕ್ಕು ತನ್ನೊಳಗೇ ಆ ಒತ್ತಡವನ್ನು ನುಂಗಿಕೊಂಡು ನಿಲ್ಲುತ್ತದೆ. ಹಿಡಿತ ಎಲ್ಲಿ ಸಡಿಲವೋ ಅಲ್ಲಿ ಅದು ಬಾಗುತ್ತದೆ, ನುಲಿಯುತ್ತದೆ.

ಹಾಗಾದರೆ ಆ ಸಿಮೆಂಟೇ ಶಾಖವನ್ನು ತಡೆದೀತೆ? ಮನೆ ಕಟ್ಟುವ ಸಿಮೆಂಟು ತಡೆಯದು. ನೀರು ಕುಡಿದು ಗಟ್ಟಿಯಾದ ಸಿಮೆಂಟಿನ ಅಂಟು ಸುಮಾರು 110 ಡಿಗ್ರಿಯನ್ನು ದಾಟಿದಾಗ ಬೇರೊಂದು ಹರಳಿನ ರೂಪಕ್ಕೆ ತಿರುಗುತ್ತದೆ. ಆ ಹರಳು ಹೆಚ್ಚು ಸಾಂದ್ರ. ಅದು ಹಿಡಿಯುವ ಜಾಗ ಕಡಿಮೆ. ಇದರಿಂದ ಒಳಗೆಲ್ಲ ರಂಧ್ರಗಳಾಗಿ ಸಿಮೆಂಟು ಸೊರಗುತ್ತದೆ, ನೀರು ಸೋರತೊಡಗುತ್ತದೆ. ಇದಕ್ಕೆ ಕಂಡುಕೊಂಡ ಮದ್ದು ಬಲು ಸರಳವಾದದ್ದು. ನುಣ್ಣಗೆ ಅರೆದ ಬೆಣಚುಕಲ್ಲಿನ ಹಿಟ್ಟನ್ನು, ಅಂದರೆ ಸಿಲಿಕವನ್ನು, ಸಿಮೆಂಟಿನ ತೂಕದ ಶೇಕಡಾ 35ರಿಂದ 40ರಷ್ಟು ಬೆರೆಸುವುದು. ಆಗ ಅದೇ ಶಾಖದಲ್ಲಿ ಟೋಬರ್ಮೊರೈಟ್ ಎಂಬ ಗಟ್ಟಿ ಹರಳು ಹುಟ್ಟುತ್ತದೆ. ಶಾಖ ಇನ್ನೂ ಏರಿದರೆ ಜೋನೊಟ್ಲೈಟ್ ಎಂಬ ಇನ್ನೊಂದು. ಸಿಮೆಂಟನ್ನು ಕೊಲ್ಲಬೇಕಾಗಿದ್ದ ಕಾವೇ ಅದನ್ನು ಕಾಯುತ್ತದೆ.

ಇದನ್ನು ಓದಿದಾಗ ನನಗೆ ನಮ್ಮ ಸುರ್ಕಿ ಗಾರೆಯ ನೆನಪಾಯಿತು. ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣಕ್ಕೆ ಬೆರೆಸಿ ಅರೆದರೆ ನೀರಿನಲ್ಲೂ ಗಟ್ಟಿಯಾಗುವ ಗಾರೆಯಾಗುತ್ತದೆ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದು ಈ ಗಾರೆಯಿಂದ. ಅಲ್ಲಿಯೂ ಸುಣ್ಣವನ್ನು ಗಟ್ಟಿಮಾಡುವುದು ಇಟ್ಟಿಗೆಯಲ್ಲಿರುವ ಸಿಲಿಕವೇ. ಪ್ರಾಚೀನ ರೋಮನರು ಸುಣ್ಣಕ್ಕೆ ಜ್ವಾಲಾಮುಖಿಯ ಬೂದಿಯನ್ನು ಬೆರೆಸಿ ಸಮುದ್ರದ ನೀರಿನಲ್ಲಿ ಕಟ್ಟಿದ ಬಂದರುಗಳ ಕಾಂಕ್ರೀಟಿನಲ್ಲಿ ಟೋಬರ್ಮೊರೈಟಿನ ಹರಳುಗಳು ಸಿಕ್ಕಿವೆ. ನಮ್ಮ ಗಾರೆಯ ಮೇಸ್ತ್ರಿಗೆ ಹರಳಿನ ಹೆಸರು ಗೊತ್ತಿರಲಿಲ್ಲ, ಹದ ಗೊತ್ತಿತ್ತು.

ಇನ್ನು ನನ್ನ ತಪ್ಪಿನ ಮಾತು. ಕಡಲಾಚೆಯ ಒಂದು ಜ್ವಾಲಾಮುಖಿ ಪ್ರದೇಶದಲ್ಲಿ ನಡೆದದ್ದು. ಊರಿನ ಹೆಸರು, ಸಂಸ್ಥೆಯ ಹೆಸರು ಬೇಡ. ಅಪರಾಧಿ ಬೇಕೆಂದರೆ ನಾನೇ ನಿಮ್ಮೆದುರಿಗಿದ್ದೇನೆ.

ಹೊರಗಿನ ಕೊಳವೆ 350 ಮೀಟರಿನವರೆಗೆ ಇಳಿದು ಸಿಮೆಂಟಾಗಿತ್ತು. ಅದರೊಳಗಿಂದ 900 ಮೀಟರಿನವರೆಗೆ ಒಳಗಿನ ಕೊಳವೆಯನ್ನು ಇಳಿಸಿದ್ದೆವು. ರಾತ್ರಿ ಹನ್ನೊಂದಕ್ಕೆ ಸಿಮೆಂಟು ದೂಡಲು ಆರಂಭಿಸಿದೆವು. ಅರ್ಧದಷ್ಟು ಹೋಗುವವರೆಗೆ ಬಾವಿಯ ಬಾಯಿಯಿಂದ ನೀರು ಧಾರಾಳವಾಗಿ ಹೊರಬರುತ್ತಿತ್ತು. ಆಮೇಲೆ ಅದು ಸಣ್ಣದಾಗುತ್ತ ಬಂದು ನಿಂತೇಹೋಯಿತು. ಕೆಳಗೆಲ್ಲೋ ಬಿರುಕೊಂದು ಬಾಯ್ದೆರೆದು ನಮ್ಮ ಸಿಮೆಂಟನ್ನು ಕುಡಿಯುತ್ತಿತ್ತು. ಎಷ್ಟು ದೂಡಿದರೂ ಮೇಲಕ್ಕೆ ಏನೂ ಬರಲಿಲ್ಲ. ಶಾಖದ ಬಾವಿಗಳಲ್ಲಿ ಇದು ಅಪರೂಪವಲ್ಲ. ಹಬೆ ಹರಿಯಲು ಬಿರುಕು ಬೇಕು, ಸಿಮೆಂಟು ನಿಲ್ಲಲು ಬಿರುಕು ಇರಬಾರದು; ಎರಡೂ ಒಂದೇ ಬಂಡೆಯಲ್ಲಿ.

ಬೆಳಗ್ಗೆ ಸಂದಿಯೊಳಗೆ ಸಣ್ಣ ಕೊಳವೆಯೊಂದನ್ನು ಇಳಿಸಿ, ಗಟ್ಟಿಯಾದ ಸಿಮೆಂಟು ಯಾವ ಆಳದಲ್ಲಿದೆಯೆಂದು ತಟ್ಟಿ ನೋಡಿದೆವು. ಹೊರಗಿನ ಕೊಳವೆಯ ತುದಿಗಿಂತ ಸ್ವಲ್ಪ ಮೇಲೆ, 300 ಮೀಟರಿನ ಸುತ್ತ ಅದು ನಿಂತಿತ್ತು. ಅಲ್ಲಿಂದ ಮೇಲಕ್ಕೆ ಸಂದಿಯ ತುಂಬ ನೀರು. ಮೇಲಿನಿಂದ ಸಿಮೆಂಟು ತುಂಬಿದೆವು. ಅದು ಬಾಯಿಯಲ್ಲಿ ಉಕ್ಕಿತು. ಎಲ್ಲರೂ ನಿಟ್ಟುಸಿರು ಬಿಟ್ಟರು. ಆದರೆ ನನ್ನ ಕೈಯಲ್ಲಿ ಲೆಕ್ಕದ ಪುಸ್ತಕವಿತ್ತು. ಆ ಜಾಗ ಹತ್ತು ಪಾಲು ಸಿಮೆಂಟು ಹಿಡಿಯಬೇಕಾಗಿತ್ತು. ಎಂಟು ಪಾಲಿಗೇ ತುಂಬಿ ಉಕ್ಕಿತ್ತು. ಉಳಿದ ಎರಡು ಪಾಲು ಏನಾಗಿರಬೇಕು? ನೀರು. ಮೇಲಿನಿಂದ ಇಳಿದ ಸಿಮೆಂಟು ನೀರನ್ನು ಪೂರ್ತಿ ಎತ್ತಿ ಹಾಕದೆ ನಡುವೆ ಎಲ್ಲೋ ಮುಚ್ಚಿಬಿಟ್ಟಿತ್ತು.

ಕೊಳವೆಯೊಳಗೆ ಶಬ್ದದ ಉಪಕರಣವನ್ನು ಇಳಿಸಿ ಇದನ್ನು ಪರೀಕ್ಷಿಸಬಹುದು. ಸಂತೆಯಲ್ಲಿ ಗಡಿಗೆ ಕೊಳ್ಳುವವರು ತಟ್ಟಿ ನೋಡುವ ಹಾಗೆ. ಗಡಿಗೆ ಕಣ್ ಎಂದರೆ ಒಳ್ಳೆಯದು. ಇಲ್ಲಿ ಅದಕ್ಕೆ ವಿರುದ್ಧ. ಸಿಮೆಂಟು ಹಿಡಿದ ಕಡೆ ಕೊಳವೆಯ ದನಿ ಮಂದವಾಗಿರುತ್ತದೆ, ಹಿಡಿಯದ ಕಡೆ ಅದು ಗಣಗಣಿಸುತ್ತದೆ. ದೋಷ ಕಂಡರೆ ಆ ಜಾಗದಲ್ಲಿ ಕೊಳವೆಗೆ ರಂಧ್ರ ಮಾಡಿ ನೀರಿಗೆ ದಾರಿ ಕೊಟ್ಟು ಮತ್ತೆ ಸಿಮೆಂಟು ಒತ್ತಬೇಕು. ಮೂರು ನಾಲ್ಕು ದಿನದ ಕೆಲಸ. ಕೊರೆಯುವ ಯಂತ್ರಕ್ಕೆ ದಿನಕ್ಕೆ ಇಷ್ಟೆಂದು ಬಾಡಿಗೆ ಏರುತ್ತಿತ್ತು; ಮುಂದಿನ ಬಾವಿ ಕಾಯುತ್ತಿತ್ತು. ಯಾರೂ ನನ್ನನ್ನು ಬಲವಂತಪಡಿಸಲಿಲ್ಲ. ಮೇಲಧಿಕಾರಿ ಒಂದೇ ಮಾತು ಕೇಳಿದರು: ಸಿಮೆಂಟು ಬಾಯಿಗೆ ಬಂತೆ? ಬಂತು ಎಂದೆ. ದಾಖಲೆಯಲ್ಲಿಯೂ ಹಾಗೆಯೇ ಬರೆದು ಸಹಿ ಹಾಕಿದೆ. ಬರೆದದ್ದರಲ್ಲಿ ಸುಳ್ಳಿನ ಒಂದಕ್ಷರವೂ ಇರಲಿಲ್ಲ. ಹತ್ತು ಮತ್ತು ಎಂಟರ ಲೆಕ್ಕವನ್ನು ಮಾತ್ರ ಬರೆಯಲಿಲ್ಲ.

ಎರಡು ಕೊಳವೆಗಳ ನಡುವೆ ಸಿಕ್ಕಿಬಿದ್ದ ನೀರಿನ ಸ್ವಭಾವವನ್ನು ಹೇಳಬೇಕು. ಬಂಡೆಯ ಪಕ್ಕದಲ್ಲಿದ್ದರೆ ಅದು ಕಾದು ಹಿಗ್ಗಿದಾಗ ಬಂಡೆಯೊಳಕ್ಕೆ ಇಂಗಬಹುದು. ಎರಡೂ ಕಡೆ ಉಕ್ಕು, ಮೇಲೂ ಕೆಳಗೂ ಸಿಮೆಂಟು ಆದಾಗ ಅದಕ್ಕೆ ಹೋಗಲು ಸ್ಥಳವೇ ಇಲ್ಲ. 100 ಡಿಗ್ರಿಯ ಆಸುಪಾಸಿನಲ್ಲಿ ಹಾಗೆ ಸೆರೆಸಿಕ್ಕ ನೀರು ಒಂದೊಂದು ಡಿಗ್ರಿ ಕಾದಾಗಲೂ ಅದರ ಒತ್ತಡ ವಾಯುಮಂಡಲದ ಒತ್ತಡದ ಹತ್ತು ಪಟ್ಟಿಗೂ ಮೀರಿ ಏರುತ್ತದೆ. ಹತ್ತಿಪ್ಪತ್ತು ಡಿಗ್ರಿ ಕಳೆಯುವಷ್ಟರಲ್ಲಿ ಉಕ್ಕು ಸೋಲುತ್ತದೆ. ಸೋಲುವುದು ಒಳಗಿನ ಕೊಳವೆ. ಏಕೆಂದರೆ ಅದರ ಬೆನ್ನಿಗೆ ಆಸರೆಯಿಲ್ಲ.

ಮೂರು ತಿಂಗಳ ಮೇಲೆ ಬಾವಿಯನ್ನು ನಿಧಾನವಾಗಿ ಕಾಯಿಸಿ ತೆರೆದರು. ಹಬೆ ಬಂತು, ಆದರೆ ಎಣಿಸಿದ್ದಕ್ಕಿಂತ ಬಹಳ ಕಡಿಮೆ. ಉಷ್ಣತೆಯನ್ನು ಅಳೆಯುವ ಉಪಕರಣವನ್ನು ಇಳಿಸಿದರೆ ಅದು 280 ಮೀಟರಿನಲ್ಲಿ ತಡೆದು ನಿಂತಿತು. ಅಲ್ಲಿ ಕೊಳವೆ ಒಳಕ್ಕೆ ನೆಗ್ಗಿತ್ತು. ಕೆಲವು ಕಾಲ ಒದ್ದಾಡಿ, ಕಡೆಗೆ ತಣ್ಣೀರು ತುಂಬಿ, ಸಿಮೆಂಟು ಹಾಕಿ ಬಾವಿಯನ್ನೇ ಮುಚ್ಚಿದರು. ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ವಿಚಾರಣೆಯಲ್ಲಿ ದಾಖಲೆ ತೆರೆದು ನೋಡಿ, ಸಿಮೆಂಟಿನ ಕೆಲಸ ಸರಿಯಾಗಿತ್ತೆಂದೂ ಕೊಳವೆಯ ಉಕ್ಕಿನಲ್ಲಿ ದೋಷವಿದ್ದಿರಬೇಕೆಂದೂ ಊಹಿಸಿದರು. ಆಗ ನಾನು ಎದ್ದು ನಿಂತು ಆ ಲೆಕ್ಕವನ್ನು ಹೇಳಿದೆ. ಮೂರು ತಿಂಗಳು ತಡವಾಗಿ ಹೇಳಿದೆ. ಕೆಲಸ ಹೋಗಲಿಲ್ಲ, ಆದರೆ ಆ ದಿನ ಒಬ್ಬ ಹಿರಿಯರು ನನ್ನ ಕಡೆ ತಿರುಗಿ ನೋಡಿದ ನೋಟ ಇನ್ನೂ ಮಾಸಿಲ್ಲ.

ನನ್ನದು ಸಣ್ಣ ಬಾವಿ. ಬಾವಿಯ ಕಟ್ಟು ಸೋತರೆ ಏನೇನಾದೀತು ಎಂಬುದಕ್ಕೆ ದೊಡ್ಡ ಉದಾಹರಣೆಗಳಿವೆ. ವೈರಾಕೆಯಲ್ಲಿ 204ನೆಯ ಸಂಖ್ಯೆಯ ಬಾವಿ 1960ರಲ್ಲಿ ಕೈಮೀರಿತು. ಹಬೆ ನೆಲವನ್ನೇ ಒಡೆದು ಹೊರಬಂದು ದೊಡ್ಡ ಕುಳಿಯಾಯಿತು. ಪುಂಡ ಬಾವಿಯೆಂದು ಅದಕ್ಕೆ ಹೆಸರಾಗಿ, ಹತ್ತು ವರ್ಷಕ್ಕೂ ಮೇಲ್ಪಟ್ಟು ಅದು ಭೋರ್ಗರೆಯಿತು. ಐಸ್‌ಲೆಂಡಿನ ಕ್ರಾಫ್ಲಾದಲ್ಲಿ 2009ರಲ್ಲಿ ನಾಲ್ಕೂವರೆ ಕಿಲೋಮೀಟರು ಆಳದ ಬಾವಿಯೊಂದನ್ನು ಕೊರೆಯಹೊರಟರು. ಸುಮಾರು 2,100 ಮೀಟರಿಗೇ ಬೈರಿಗೆ ಕರಗಿದ ಶಿಲಾರಸಕ್ಕೆ ಹೊಕ್ಕಿತು. ಧೃತಿಗೆಡದೆ ಅದನ್ನೇ ಬಾವಿ ಮಾಡಿದರು. ಅದರಿಂದ ಬಂದ ಹಬೆ ಬಾಯಿಯಲ್ಲಿಯೇ 450 ಡಿಗ್ರಿಯಷ್ಟು ಕಾದಿತ್ತು. 2012ರಲ್ಲಿ ಕವಾಟ ಕೆಟ್ಟಾಗ ತಣ್ಣೀರು ಹುಯ್ದು ಬಾವಿಯನ್ನು ತಣಿಸಬೇಕಾಯಿತು. ಕಾದಾಗ ಹಿಗ್ಗಲು ಬಿಡದೆ ಹಿಡಿದಿದ್ದ ಉಕ್ಕು ತಣಿದಾಗ ಕುಗ್ಗಹೊರಟಿತು. ಕುಗ್ಗಲೂ ಸಿಮೆಂಟು ಬಿಡಲಿಲ್ಲ. ಕೊಳವೆ ಕೀಲುಗಳಲ್ಲಿ ಹರಿದುಹೋಯಿತು. ಅದೇ ದೇಶದ ರೇಕ್ಯಾನೆಸ್‌ನಲ್ಲಿ 2017ರಲ್ಲಿ 4,659 ಮೀಟರು ಆಳ ಮುಟ್ಟಿದ ಇನ್ನೊಂದು ಬಾವಿಯಲ್ಲಿ 427 ಡಿಗ್ರಿಯನ್ನು ಅಳೆದರು. ಅದರ ಕೊಳವೆಗೂ ನಡುವೆ ಪೆಟ್ಟಾಯಿತು. ಈ ಬಾವಿಗಳನ್ನು ಕಟ್ಟಿದವರು ಅಲ್ಲಿ ಏನು ಕೆಟ್ಟಿತೆಂಬುದನ್ನು ಮುಚ್ಚಿಡದೆ ಬರೆದು ಪ್ರಕಟಿಸಿದರು. ಇಂದು ಕಾವಿಗೆ ತಕ್ಕಂತೆ ತಾನೇ ಸ್ವಲ್ಪ ಜರುಗಿಕೊಡುವ ಕೀಲುಗಳನ್ನು ಮಾಡಿ ನೋಡುತ್ತಿದ್ದಾರೆಂದರೆ ಅದಕ್ಕೆ ಆ ಬರಹಗಳೇ ಆಧಾರ.

ನಮ್ಮ ದೇಶದಲ್ಲಿಯೂ ಈ ಶಾಖವಿದೆ. ಲಡಾಖಿನಲ್ಲಿ, ಸಮುದ್ರಮಟ್ಟಕ್ಕಿಂತ 4,000 ಮೀಟರಿಗೂ ಮೇಲೆ ಪುಗಾ ಎಂಬ ಕಣಿವೆ. ಹೆಪ್ಪುಗಟ್ಟಿದ ನೆಲದ ನಡುವೆ ಅಲ್ಲಿ ಬಿಸಿನೀರಿನ ಬುಗ್ಗೆಗಳು ಹಬೆಯಾಡುತ್ತವೆ. 1970ರ ದಶಕದಿಂದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅಲ್ಲಿ 34 ರಂಧ್ರಗಳನ್ನು ಕೊರೆದು ನೋಡಿದರು. ಹೆಚ್ಚೆಂದರೆ 385 ಮೀಟರು ಇಳಿದ ಆ ರಂಧ್ರಗಳಲ್ಲಿ 140 ಡಿಗ್ರಿಯವರೆಗೆ ಶಾಖ ಕಂಡಿತು. ಆ ಶಾಖದಿಂದ ವಿದ್ಯುತ್ತು ತೆಗೆಯಲು 2021ರಲ್ಲಿ ಒಪ್ಪಂದವೂ ಆಯಿತು. ಚಳಿಗಾಲದ ರಾತ್ರಿಗಳಲ್ಲಿ ಅಲ್ಲಿನ ಜನಕ್ಕೆ ಬೆಳಕೂ ಬೆಚ್ಚನೆಯ ಮನೆಯೂ ದೊರೆಯುವುದಾದರೆ ಅದಕ್ಕಿಂತ ಸಂತೋಷವಿಲ್ಲ. ಅಲ್ಲಿನ ತೊರೆಯ ನೀರನ್ನೇ ನಂಬಿ ಕುರಿಮೇಕೆ ಕಾಯುವವರಿದ್ದಾರೆ. ಕೆಳಗಿನ ಲವಣಜಲ ಆ ತೊರೆಗೆ ಸೇರದಂತೆ ತಡೆಯುವುದೂ ಆ ಸಿಮೆಂಟಿನ ಉಂಗುರವೇ.

ನಾಳೆ ನಮ್ಮಲ್ಲಿ ಇಂಥ ಬಾವಿಗಳು ಹೆಚ್ಚಾದಾಗ ಪತ್ರಿಕೆಗಳಲ್ಲಿ ಎಷ್ಟು ಮೆಗಾವಾಟು, ಎಷ್ಟು ಕೋಟಿ ಎಂಬುದು ಬರುತ್ತದೆ. ಅದನ್ನು ಕೇಳಿ. ಜೊತೆಗೆ ಸಿಮೆಂಟನ್ನು ಪರೀಕ್ಷಿಸಿದರೆ, ಎಷ್ಟು ಹಿಡಿಯಬೇಕಾಗಿತ್ತು, ಎಷ್ಟು ಹಿಡಿಯಿತು ಎಂಬುದನ್ನೂ ಕೇಳಿ. ಕೇಳುವವರಿದ್ದಾರೆಂದು ತಿಳಿದರೆ ರಾತ್ರಿಪಾಳಿಯಲ್ಲಿ ನಿಂತ ಕಿರಿಯ ಎಂಜಿನಿಯರಿಗೆ ಬರೆಯುವ ಧೈರ್ಯ ಬರುತ್ತದೆ. ನನ್ನನ್ನು ಆ ಬೆಳಗ್ಗೆ ಯಾರಾದರೂ ಎರಡನೆಯ ಪ್ರಶ್ನೆಯನ್ನು ಕೇಳಿದ್ದರೆ ಎಂದು ಅನೇಕ ಸಲ ಅಂದುಕೊಂಡಿದ್ದೇನೆ. ಆಮೇಲೆ, ಕೇಳದಿದ್ದರೂ ನಾನೇ ಹೇಳಬಹುದಾಗಿತ್ತಲ್ಲ ಎಂಬುದೂ ಹೊಳೆಯುತ್ತದೆ. ಅಂದಿನಿಂದ ನಿವೃತ್ತನಾಗುವವರೆಗೆ ಪ್ರತಿಯೊಂದು ಬಾವಿಯ ದಾಖಲೆಯಲ್ಲೂ ಆ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿ ಬರೆದೆ. ಕೆಲವು ಸಲ ಅವು ಹೊಂದಲಿಲ್ಲ, ಕೆಲಸ ನಿಂತಿತು, ಬೈಗುಳವನ್ನೂ ತಿಂದೆ. ಆ ಬಾವಿಗಳಲ್ಲಿ ಒಂದೂ ನೆಗ್ಗಲಿಲ್ಲ.